ಕೇಳಿಸಿಕೊಳ್ಳದವರ ನಡುವೆ ಚೀಫ್ ಬ್ರಾಮ್ಡನ್

'ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್' ಎಂದರೆ ಸಾಕು, ಎದುರಿಗಿದ್ದವರು ಮ್ಯಾಕ್‌ಮರ್ಫಿಯ ಕಥೆ ಹೇಳಲು ತೊಡಗುತ್ತಾರೆ. ಜೈಲಿನ ದುಡಿಮೆ ತಪ್ಪಿಸಿಕೊಳ್ಳಲು ಹುಚ್ಚನ ಸೋಗು ಹಾಕಿ ಮಾನಸಿಕ ಆಸ್ಪತ್ರೆ ಸೇರಿದ ಜೂಜುಕೋರ, ವಾರ್ಡನ್ನು ಮುಷ್ಟಿಯಲ್ಲಿಟ್ಟುಕೊಂಡ ನರ್ಸ್ ರ‍್ಯಾಚೆಡ್‌ಗೆ ತೊಡೆ ತಟ್ಟಿ ನಿಂತವನು, ಕೊನೆಗೆ ಮಿದುಳಿಗೇ ಕತ್ತರಿ ಬಿದ್ದು ಮುಗಿದುಹೋದವನು. ಹೇಳುವವರ ಕಣ್ಣಲ್ಲಿ, ಸಿನಿಮಾದಲ್ಲಿ ಆ ಪಾತ್ರ ಮಾಡಿದ ಜ್ಯಾಕ್ ನಿಕೋಲ್ಸನ್‌ನ ನಗು ಕುಣಿಯುತ್ತಿರುತ್ತದೆ. ಕೇಳುತ್ತ ಕೂತ ನನಗೆ ಪ್ರತಿ ಸಲವೂ ಒಂದೇ ತಳಮಳ. ಈ ಕಥೆಯನ್ನು ಹೇಳಿದವನನ್ನು ಯಾರೂ ಯಾಕೆ ನೆನೆಯುವುದಿಲ್ಲ? ಕೆನ್ ಕೀಸಿಯ ಕಾದಂಬರಿ ಹೊರಬಂದದ್ದು 1962ರಲ್ಲಿ. ಅದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹೇಳುವವನು ಚೀಫ್ ಬ್ರಾಮ್ಡನ್. ಅಪ್ಪ ಅಮೆರಿಕದ ಮೂಲನಿವಾಸಿ ಬುಡಕಟ್ಟಿನ ನಾಯಕ, ಅಮ್ಮ ಬಿಳಿಯ ಹೆಂಗಸು. ಬಾಗಿಲು ತುಂಬುವಂಥ ಆಳು. ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಕಿವುಡ, ಮೂಗ ಎಂದುಕೊಂಡಿದ್ದಾರೆ. ಅವನ ಕೈಗೆ ಒಂದು ಪೊರಕೆ ಕೊಟ್ಟು ಮರೆತುಬಿಟ್ಟಿದ್ದಾರೆ.

ಅವನಿಗೆ ಕಿವಿ ಕೇಳಿಸುತ್ತದೆ, ಮಾತೂ ಬರುತ್ತದೆ. ಕಿವುಡನೆಂದು ನಂಬಿದ್ದರಿಂದಲೇ ಡಾಕ್ಟರುಗಳು ತಮ್ಮ ಗುಟ್ಟಿನ ಸಭೆ ನಡೆಯುವ ಕೋಣೆಯನ್ನು ಒರೆಸಲು ಅವನನ್ನು ಒಳಗೆ ಬಿಡುತ್ತಾರೆ. ಯಾರ ಮಿದುಳಿಗೆ ಏನು ಮಾಡಬೇಕು ಎಂಬ ತೀರ್ಮಾನಗಳೆಲ್ಲ ಅವನ ಎದುರಿಗೇ ಆಗುತ್ತವೆ. ಈ ಕಾದಂಬರಿಯನ್ನು ಮ್ಯಾಕ್‌ಮರ್ಫಿಯ ಬಂಡಾಯದ ಕಥೆ ಎಂದು ಓದಿದರೆ ಅದು ಒಂದು ಒಳ್ಳೆಯ, ರೋಚಕ, ಹಳೆಯ ಕಥೆ. ಬ್ರಾಮ್ಡನ್‌ನ ಮಾತು ಎಲ್ಲಿ ಹೋಯಿತು, ಹೇಗೆ ಮರಳಿತು ಎಂಬ ಕಥೆಯಾಗಿ ಓದಿದರೆ ಅದು ಇಂದಿಗೂ ನಮ್ಮ ಎದೆಗೆ ಬಂದು ತಾಗುವ ಪುಸ್ತಕ. ನನಗೆ ಈ ಎರಡನೆಯದೇ ನಿಜವಾದ ಓದು ಎನ್ನಿಸುತ್ತದೆ. ಹಾಗೆ ಅನ್ನಿಸಲು ನನ್ನ ಮನೆತನದ ಕಾರಣವೂ ಒಂದಿದೆ; ಅದು ಮುಂದೆ ಬರುತ್ತದೆ.

ಬೀಗವಿಲ್ಲದ ಬಾಗಿಲು

ಕೀಸಿ ಈ ವಾರ್ಡನ್ನು ಹೊರಗೆ ನಿಂತು ಕಲ್ಪಿಸಿಕೊಂಡವನಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಬರವಣಿಗೆ ಕಲಿಯುತ್ತಿದ್ದಾಗ, ಹತ್ತಿರದ ಮೆನ್ಲೊ ಪಾರ್ಕಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ನಡೆಯುತ್ತಿದ್ದ ಔಷಧ ಪ್ರಯೋಗಗಳಿಗೆ ಹಣ ಪಡೆದು ತನ್ನ ಮೈಯನ್ನೇ ಒಡ್ಡಿದ. ಎಲ್‌ಎಸ್‌ಡಿಯಂಥ ಭ್ರಮೆ ಬರಿಸುವ ಔಷಧಗಳ ಪ್ರಯೋಗ ಅದು. ಅದರ ಹಿಂದೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಇತ್ತೆಂಬುದು ಲೋಕಕ್ಕೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಮೇಲೆ ಅದೇ ಆಸ್ಪತ್ರೆಯ ಮನೋರೋಗಿಗಳ ವಾರ್ಡಿನಲ್ಲಿ ರಾತ್ರಿ ಪಾಳಿಯ ಸಹಾಯಕನಾಗಿ ಕೆಲಸಕ್ಕೆ ಸೇರಿದ. ರಾತ್ರಿಯಿಡೀ ರೋಗಿಗಳ ಜೊತೆ ಮಾತಾಡಿದ, ಬರೆದ. ಆ ಕಾಲದ ಅಮೆರಿಕದಲ್ಲಿ ಇಂಥ ವಾರ್ಡುಗಳು ಎಷ್ಟಿದ್ದವೆಂದರೆ, 1955ರಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲೇ ಸುಮಾರು 5.5 ಲಕ್ಷ ಜನರಿದ್ದರು.

ಒಳಗಿನಿಂದ ನೋಡಿದವನಾದ್ದರಿಂದಲೇ ಕೀಸಿಗೆ ಹೊರಗಿನವರಿಗೆ ಹೊಳೆಯದ ಒಂದು ಸಂಗತಿ ಕಂಡಿತು. ಅಲ್ಲಿ ಅಧಿಕಾರ ನಡೆಯುವುದು ಚಾಟಿಯಿಂದಲ್ಲ. ರ‍್ಯಾಚೆಡ್ ದನಿ ಏರಿಸುವುದೇ ಅಪರೂಪ. ಅವಳ ಕಚೇರಿಯ ಬಳಿ ಒಂದು ಲಾಗ್ ಬುಕ್ ಇರುತ್ತದೆ. ಪಕ್ಕದ ಮಂಚದವನು ಮಾತಿನ ನಡುವೆ ತನ್ನ ಬಗ್ಗೆ ಏನಾದರೂ ಬಾಯಿಬಿಟ್ಟರೆ, ಕೇಳಿಸಿಕೊಂಡವನು ಹೋಗಿ ಅದರಲ್ಲಿ ಬರೆಯಬಹುದು. ಎಲ್ಲವೂ ಚಿಕಿತ್ಸೆಗಾಗಿ, ಗೆಳೆಯನ ಒಳಿತಿಗಾಗಿ. ಬರೆದವನಿಗೆ ಹೆಸರಿನ ಮುಂದೆ ಒಂದು ನಕ್ಷತ್ರ ಬೀಳುತ್ತದೆ, ಮರುದಿನ ಬೆಳಿಗ್ಗೆ ತಡವಾಗಿ ಏಳುವ ಅನುಮತಿ ಸಿಗುತ್ತದೆ. ಅಷ್ಟೇ ಅದರ ಬೆಲೆ, ಒಂದಿಷ್ಟು ಹೊತ್ತಿನ ನಿದ್ದೆ. ಆ ಲಾಗ್ ಬುಕ್ಕಿನ ಪುಟವನ್ನು ನಾನು ಹೆದರಿಕೆಯಿಂದಲೇ ಓದುತ್ತೇನೆ. ಕರೆಂಟ್ ಕೊಡುವ ಕೋಣೆಗಿಂತ ನನಗೆ ಭಯಾನಕವಾಗಿ ಕಾಣುವುದು ಆ ಪುಸ್ತಕ. ಏಕೆಂದರೆ ಅದನ್ನು ಬರೆಯುವವರು ರೋಗಿಗಳು. ಗುಂಪು ಚಿಕಿತ್ಸೆಯ ಸಭೆಯಲ್ಲಿ ಅದೇ ಪುಸ್ತಕದಿಂದ ಒಂದು ವಿಷಯ ಎತ್ತಿ ರ‍್ಯಾಚೆಡ್ ಮೆಲ್ಲಗೆ ಮುಂದಿಡುತ್ತಾಳೆ. ಉಳಿದದ್ದನ್ನು ಅವರೇ ಒಬ್ಬರನ್ನೊಬ್ಬರು ಕುಕ್ಕಿಕೊಂಡು ಮುಗಿಸುತ್ತಾರೆ. ಹಾರ್ಡಿಂಗ್ ಎಂಬ ಓದಿದ, ನಾಜೂಕಾದ ಮನುಷ್ಯನ ಸಂಸಾರದ ಗುಟ್ಟನ್ನು ಎಲ್ಲರೂ ಸೇರಿ ಹರಿದು ಹಾಕುವ ಸಭೆಯ ಕೊನೆಗೆ, ಆ ಹಾರ್ಡಿಂಗನೇ ಅದನ್ನು ಚಿಕಿತ್ಸೆ ಎಂದು ಸಮರ್ಥಿಸಲು ನಿಲ್ಲುತ್ತಾನೆ. ಅವನ ಸಮರ್ಥನೆಯ ಮಾತುಗಳು ಸ್ವಲ್ಪ ಸ್ವಲ್ಪವಾಗಿ ಮುರಿದು ಬೀಳುವುದನ್ನು ಕೀಸಿ ಎಷ್ಟು ತಾಳ್ಮೆಯಿಂದ ಬರೆದಿದ್ದಾನೆ ಎಂದರೆ, ಅದೊಂದೇ ಅಧ್ಯಾಯ ಸಾಕು ಅವನು ದೊಡ್ಡ ಲೇಖಕ ಎನ್ನಲು.

ನನ್ನನ್ನು ಬಿಡದೆ ಕಾಡುವ ದೃಶ್ಯ ಇನ್ನೂ ಮುಂದೆ ಬರುತ್ತದೆ. ಈ ವೇಳೆಗೆ ಮ್ಯಾಕ್‌ಮರ್ಫಿಗೆ ಒಂದು ವಿಷಯ ತಿಳಿದಿದೆ: ಕೋರ್ಟು ಒಪ್ಪಿಸಿದ ತನ್ನಂಥವನು ಯಾವಾಗ ಹೊರಗೆ ಹೋಗಬೇಕೆಂದು ನಿರ್ಧರಿಸುವುದು ಆಸ್ಪತ್ರೆಯೇ. ಹಾಗಾಗಿ ಅವನು ಬಾಲ ಮುದುರಿಕೊಂಡು ಸುಮ್ಮನಾಗಿದ್ದಾನೆ. ಅವನನ್ನು ನಂಬಿ ಸಿಗರೇಟಿಗಾಗಿ ಕೂಗಾಡಿದ ಚೆಸ್ವಿಕ್‌ಗೆ ಅವನ ಬೆಂಬಲ ಸಿಗಲಿಲ್ಲ. ಚೆಸ್ವಿಕ್ ಈಜುಕೊಳದ ತಳದಲ್ಲಿ ಹೆಣವಾದ. ಇದಾದ ಮೇಲೆ ಮ್ಯಾಕ್‌ಮರ್ಫಿಗೆ ಗೊತ್ತಾಗುತ್ತದೆ, ಈ ವಾರ್ಡಿನಲ್ಲಿ ತನ್ನಂತೆ ಕಟ್ಟಿಹಾಕಲ್ಪಟ್ಟವರು ಕೆಲವರು ಮಾತ್ರ. ಹಾರ್ಡಿಂಗ್, ಬಿಲ್ಲಿ ಬಿಬಿಟ್ ಮೊದಲಾದವರೆಲ್ಲ ತಾವಾಗಿಯೇ ಬಂದು ಸೇರಿದವರು. ಬೇಕಾದರೆ ಇವತ್ತು ಮಧ್ಯಾಹ್ನವೇ ಸಹಿ ಹಾಕಿ ಹೊರಟುಬಿಡಬಹುದು. ಅವನಿಗೆ ನಂಬಲಾಗುವುದಿಲ್ಲ. ನೀನು ಹರೆಯದವನು, ತೆರೆದ ಕಾರಿನಲ್ಲಿ ಹುಡುಗಿಯರ ಹಿಂದೆ ಸುತ್ತಬೇಕಾದವನು, ಇಲ್ಲಿ ಯಾಕೆ ಸಾಯುತ್ತಿದ್ದೀಯ ಎಂದು ಬಿಲ್ಲಿಯನ್ನು ಕೇಳುತ್ತಾನೆ. ಉಗ್ಗುವ ಬಿಲ್ಲಿ ಸಿಡಿದೇಳುತ್ತಾನೆ. ತನಗೂ ಕಾರು ಬೇಕು, ಹುಡುಗಿ ಬೇಕು; ಧೈರ್ಯವಿದ್ದರೆ ಇವತ್ತೇ ಹೋಗುತ್ತಿದ್ದೆ; ಆದರೆ ನಿನ್ನನ್ನು ನೋಡಿ ಜನ ನಕ್ಕಿದ್ದು ಗೊತ್ತಾ ನಿನಗೆ ಎಂದು ಅಳುತ್ತ, ಒಂದೊಂದು ಅಕ್ಷರಕ್ಕೂ ಎಡವುತ್ತ ಕೂಗುತ್ತಾನೆ. ಮ್ಯಾಕ್‌ಮರ್ಫಿಯ ಬಳಿ ಇದಕ್ಕೆ ಉತ್ತರವಿಲ್ಲ. ಸ್ವಲ್ಪ ಹೊತ್ತಿಗೆ ಅವನು ಎದ್ದು ಹೋಗಿ ನರ್ಸ್ ಕೂತಿರುವ ಕೋಣೆಯ ಗಾಜನ್ನು ಕೈಯಿಂದ ಒಡೆದು ತನ್ನ ಸಿಗರೇಟು ತೆಗೆದುಕೊಳ್ಳುತ್ತಾನೆ. ಹೊರಗೆ ಹೋಗುವ ದಾರಿ ಇದ್ದೂ ಹೋಗಲಾರದವರಿಗಾಗಿ, ಹೋಗುವ ದಾರಿಯೇ ಇಲ್ಲದವನು ತನ್ನ ಬಿಡುಗಡೆಯನ್ನು ಪಣಕ್ಕಿಡುವ ಗಳಿಗೆ ಅದು. ಬಂಡಾಯ ಎಂದು ಕರೆಯುವುದಾದರೆ ನಾನು ಕರೆಯುವುದು ಇದನ್ನು. ಅದಕ್ಕೆ ಮೊದಲಿನ ಜೂಜು, ಹಲ್ಲುಜ್ಜುವ ಪೇಸ್ಟಿನ ಜಗಳ, ಟವೆಲ್ ಸುತ್ತಿಕೊಂಡು ತಿರುಗುವ ಚೇಷ್ಟೆಗಳೆಲ್ಲ ಆಟ.

ಬೇಸ್‌ಬಾಲ್ ಪಂದ್ಯ ನೋಡಲು ಮತ ಹಾಕುವ ಪ್ರಸಂಗವನ್ನು ಸಿನಿಮಾ ನೋಡಿದವರೆಲ್ಲ ಬಲ್ಲರು. ಪುಸ್ತಕದಲ್ಲಿ 20 ಕೈಗಳು ಏಳುತ್ತವೆ. ವಾರ್ಡಿನಲ್ಲಿರುವವರು 40, ಬಹುಮತವಿಲ್ಲ ಎನ್ನುತ್ತಾಳೆ ರ‍್ಯಾಚೆಡ್. ಎಣಿಕೆಯಲ್ಲಿ ತಮ್ಮ ಹೆಸರೂ ಗೊತ್ತಿಲ್ಲದೆ ಗಾಲಿಕುರ್ಚಿಯಲ್ಲಿ ಕೂತವರನ್ನೂ ಸೇರಿಸಿಬಿಟ್ಟಿದ್ದಾಳೆ. ಮೇಲೇಳುವ 21ನೆಯ ಕೈ ಬ್ರಾಮ್ಡನ್‌ನದು. ಕಾದಂಬರಿಯಲ್ಲಿ ಆ ಜಾಗವನ್ನು ನಿಧಾನವಾಗಿ ಓದಬೇಕು. ತನ್ನ ಕೈಯನ್ನು ಮ್ಯಾಕ್‌ಮರ್ಫಿ ಯಾವುದೋ ತಂತಿ ಕಟ್ಟಿ ಎಳೆಯುತ್ತಿದ್ದಾನೆ ಎಂದು ಮೊದಲು ಹೇಳುತ್ತಾನೆ ಬ್ರಾಮ್ಡನ್. ಅಲ್ಲಿಯವರೆಗೆ ಅವನ ಲೋಕದಲ್ಲಿ ಎಲ್ಲವೂ ತಂತಿಗಳೇ, ಯಂತ್ರಗಳೇ. ಗೋಡೆಯೊಳಗೆ ಮಂಜು ಉಗುಳುವ ಯಂತ್ರ ಕೂಡ ಇದೆ. ಮರುಗಳಿಗೆಯೇ ಅವನು ಮಾತು ಬದಲಿಸುತ್ತಾನೆ. ಇಲ್ಲ, ಅದು ಸುಳ್ಳು, ಕೈ ಎತ್ತಿದವನು ನಾನೇ. ಸಿನಿಮಾದಲ್ಲಿ ಆ ಕೈ ಒಂದು ಮತ. ಪುಸ್ತಕದಲ್ಲಿ ಅದು ಒಬ್ಬ ಮನುಷ್ಯ ತನ್ನನ್ನು ತಾನು 'ನಾನು' ಎಂದುಕೊಂಡ ಕ್ಷಣ.

ಮೀನಿಗೆ ಉಪ್ಪು ಹಾಕುತ್ತಿದ್ದ ಹುಡುಗ

ಹಾಗಾದರೆ ಆ 'ನಾನು' ಕಳೆದುಹೋದದ್ದು ಎಲ್ಲಿ? ಆಸ್ಪತ್ರೆಯಲ್ಲಿ ಎಂದು ಅವಸರದ ಓದುಗ ಹೇಳಿಯಾನು. ಬ್ರಾಮ್ಡನ್ ಹಾಗೆ ಹೇಳುವುದಿಲ್ಲ.

ಅವನು ಹತ್ತು ವರ್ಷದ ಹುಡುಗ. ಕೊಲಂಬಿಯಾ ನದಿಯ ದಂಡೆಯ ಹಳ್ಳಿಯಲ್ಲಿ, ಒಣಗಲು ಹರವಿದ ಸಾಲ್ಮನ್ ಮೀನಿಗೆ ಉಪ್ಪು ಹಾಕುತ್ತಿದ್ದಾನೆ. ಅಪ್ಪ ಜಲಪಾತದ ಮೇಲೆ ಕಟ್ಟಿದ ಮರದ ಅಟ್ಟಣೆಯಲ್ಲಿ ನಿಂತು ಈಟಿಯಿಂದ ಮೀನು ಹೊಡೆಯುತ್ತಿದ್ದಾನೆ. ಹೆದ್ದಾರಿಯಿಂದ ಒಂದು ಕಾರು ಕೆಂಪು ಧೂಳೆಬ್ಬಿಸಿಕೊಂಡು ಬಂದು ನಿಲ್ಲುತ್ತದೆ. ಇಳಿಯುವವರು ಸೂಟು ಹಾಕಿದ ಇಬ್ಬರು ಗಂಡಸರು, ನೆರೆತ ಕೂದಲಿನ ಒಬ್ಬ ಹೆಂಗಸು. ಅವರು ಸುತ್ತ ನೋಡುತ್ತಾರೆ, ಮೂಗು ಮುರಿಯುತ್ತಾರೆ, ಇಂಥ ಮನೆಯೊಳಗೆ ಎಷ್ಟು ಸೆಕೆಯಿರಬೇಡ ಎಂದು ಮಾತಾಡಿಕೊಳ್ಳುತ್ತಾರೆ. ಹುಡುಗ ಶಾಲೆಯಲ್ಲಿ ಕಲಿತ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ, ನಮ್ಮ ಮನೆ ಪಟ್ಟಣದ ಮನೆಗಳಿಗಿಂತ ತಂಪಾಗಿರುತ್ತದೆ ಎನ್ನುತ್ತಾನೆ. ಯಾರೂ ತಿರುಗಿ ನೋಡುವುದಿಲ್ಲ. ಅವರ ಮುಖದ ಒಂದು ಗೆರೆಯೂ ಅಲುಗುವುದಿಲ್ಲ. ಮಾತು ಅವನ ಬಾಯಿಂದ ಹೊರಬಂದೇ ಇಲ್ಲ ಎಂಬಂತೆ ಅವರು ತಮ್ಮ ಲೆಕ್ಕಾಚಾರ ಮುಂದುವರಿಸುತ್ತಾರೆ. ಕೊನೆಗೆ ಆ ಹೆಂಗಸು ಒಂದು ಉಪಾಯ ಹೇಳುತ್ತಾಳೆ: ನಾಯಕನ ಜೊತೆ ಮಾತಾಡುವುದೇ ಬೇಡ, ಪಟ್ಟಣದವಳಾದ ಅವನ ಹೆಂಡತಿಗೆ ಒಂದು ಪತ್ರ ಬರೆದರೆ ಸಾಕು. ಕಾರು ಹೊರಟುಹೋಗುತ್ತದೆ. ಬ್ರಾಮ್ಡನ್ ಹೇಳುತ್ತಾನೆ, ಕಿವುಡನ ಹಾಗೆ ನಟಿಸಲು ಮೊದಲು ಶುರು ಮಾಡಿದವನು ನಾನಲ್ಲ. ನನಗೆ ಕೇಳಿಸುವುದಿಲ್ಲ, ಮಾತು ಬರುವುದಿಲ್ಲ ಎಂಬಂತೆ ನಡೆದುಕೊಳ್ಳಲು ಮೊದಲು ಶುರು ಮಾಡಿದವರು ಅವರು.

ಆ ಜನ ಬಂದದ್ದು ಅಣೆಕಟ್ಟಿಗಾಗಿ. ಕಾದಂಬರಿಯ ಈ ಜಲಪಾತದ ಹಿಂದಿರುವುದು ಸೆಲೈಲೊ. ಸಾವಿರಾರು ವರ್ಷಗಳಿಂದ ಅಲ್ಲಿನ ಬುಡಕಟ್ಟುಗಳು ಮೀನು ಹಿಡಿದು ಬದುಕಿದ್ದ ಜಾಗ. 1957ರ ಮಾರ್ಚ್ 10ರಂದು 'ದ ಡಾಲ್ಸ್' ಅಣೆಕಟ್ಟಿನ ಬಾಗಿಲುಗಳನ್ನು ಮುಚ್ಚಿದರು. ಕೆಲವೇ ಗಂಟೆಗಳಲ್ಲಿ ಜಲಪಾತ ನೀರಿನಡಿ ಹೋಯಿತು. ಕೀಸಿ ಬೆಳೆದದ್ದು ಅದೇ ಆರೆಗನ್ ರಾಜ್ಯದಲ್ಲಿ. ಕಾದಂಬರಿ ಬಂದಾಗ ಆ ಮುಳುಗಡೆಗೆ ಇನ್ನೂ ಐದು ವರ್ಷ ತುಂಬಿರಲಿಲ್ಲ. ಪರಿಹಾರದ ಹಣ ಬಂತು. ಮನುಷ್ಯ ಬದುಕುವ ಬಗೆಗೆ ಎಷ್ಟು ಬೆಲೆ ಕಟ್ಟುತ್ತೀರಿ ಎಂದು ಬ್ರಾಮ್ಡನ್‌ನ ಅಪ್ಪ ಸರ್ಕಾರದವರನ್ನು ಕೇಳಿದ್ದ. ಅದಕ್ಕೆ ಅವರ ಬಳಿ ಉತ್ತರವಿರಲಿಲ್ಲ, ಹಣ ಮಾತ್ರ ಇತ್ತು. ಅಪ್ಪ ಸಹಿ ಹಾಕಿದ, ಕುಡಿತಕ್ಕೆ ಬಿದ್ದ. ಅವನು ತನ್ನ ಹೆಸರನ್ನು ಆ ಮೊದಲೇ ಬಿಟ್ಟುಕೊಟ್ಟಿದ್ದ. ಬ್ರಾಮ್ಡನ್ ಎಂಬುದು ಅಮ್ಮನ ಮನೆತನದ ಹೆಸರು. ಪರ್ವತದಷ್ಟು ಎತ್ತರದ ಅಪ್ಪ ಕುಗ್ಗುತ್ತ ಹೋಗಿ, ಅಮ್ಮ ಅವನ ಎರಡರಷ್ಟು ದೊಡ್ಡವಳಾದಳು ಎನ್ನುತ್ತಾನೆ ಮಗ. ಆಸ್ಪತ್ರೆಯಲ್ಲಿ ಮ್ಯಾಕ್‌ಮರ್ಫಿ ಅವನ ಗಾತ್ರ ನೋಡಿ ಬೆರಗಾದಾಗ, ನಾನು ತುಂಬ ಚಿಕ್ಕವನು, ನೀನೇ ದೊಡ್ಡವನು ಎಂದು ಬ್ರಾಮ್ಡನ್ ಪೂರ್ತಿ ನಂಬಿಕೆಯಿಂದ ಹೇಳುವುದು ಇದೇ ಕಾರಣಕ್ಕೆ. ಡಾಕ್ಟರರ ಫೈಲಿನಲ್ಲಿ ಅದು ರೋಗದ ಲಕ್ಷಣ. ಅವನ ಊರಿನ ಚರಿತ್ರೆ ಬಲ್ಲವರಿಗೆ ಅದು ಅಳತೆ ತಪ್ಪದ ಸತ್ಯ.

ನಾನು ಶರಾವತಿ ಮುಳುಗಡೆಯ ಮನೆತನದವನು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ತಿಯಾಯಿತು. ನಮ್ಮ ಅಜ್ಜನ ಅಡಿಕೆ ತೋಟ, ಗದ್ದೆ, ಮನೆ ಎಲ್ಲ ಹಿನ್ನೀರಿನ ಕೆಳಗಿವೆ. ಕೊಟ್ಟ ಹೊಸ ಜಾಗದ ಹಕ್ಕುಪತ್ರಕ್ಕಾಗಿ ಅಜ್ಜ ವರ್ಷಗಟ್ಟಲೆ ಕಚೇರಿಗೆ ಅಲೆದ. ಹುಡುಗನಾಗಿದ್ದ ನಾನೂ ಕೆಲವೊಮ್ಮೆ ಜೊತೆಗೆ ಹೋಗುತ್ತಿದ್ದೆ, ಬರುವಾಗ ಹೋಟೆಲಿನಲ್ಲಿ ಗೋಳಿಬಜೆ ಸಿಗುತ್ತದೆ ಎಂಬ ಆಸೆಗೆ. ಮೇಜಿನ ಆಚೆ ಕೂತ ಗುಮಾಸ್ತರು ಅಜ್ಜನ ಮುಖ ನೋಡುತ್ತಿರಲಿಲ್ಲ. ಪಕ್ಕದಲ್ಲಿ ಪ್ಯಾಂಟು ಹಾಕಿ ನಿಂತಿರುತ್ತಿದ್ದ ಚಿಕ್ಕಪ್ಪನನ್ನು ಕೇಳುತ್ತಿದ್ದರು: "ಇವರ ಹೆಸರಲ್ಲಿ ಬಾಗಾಯ್ತು ಎಷ್ಟಿತ್ತಂತೆ?" ಅಜ್ಜ ತಾನೇ ಹೇಳುತ್ತಿದ್ದ, ಎಕರೆ, ಗುಂಟೆ, ಸರ್ವೆ ನಂಬರಿನ ಸಮೇತ. ಗುಮಾಸ್ತರ ಪೆನ್ನು ಅಲುಗುತ್ತಿರಲಿಲ್ಲ. ಚಿಕ್ಕಪ್ಪ ಅದನ್ನೇ ಇನ್ನೊಮ್ಮೆ ಹೇಳಿದ ಮೇಲೆ ಪೆನ್ನು ಓಡುತ್ತಿತ್ತು. ನಮ್ಮ ಅಜ್ಜ ಮಾತು ಬಿಡಲಿಲ್ಲ. ಅವನು ದನಿ ಏರಿಸಿದ; ಕೊನೆಕೊನೆಗೆ ಮನೆಯಲ್ಲೂ, ಊಟಕ್ಕೆ ಕೂತಾಗಲೂ, ಯಾರೋ ದೂರದಲ್ಲಿರುವವರಿಗೆ ಹೇಳುವಂತೆ ಕೂಗಿಯೇ ಮಾತಾಡುತ್ತಿದ್ದ. ಆ ಕಾರು ಬಂದು ನಿಲ್ಲುವ ಪುಟವನ್ನು ಓದಿದಾಗ ನನಗೆ ಅಜ್ಜನ ಆ ದನಿ ಅರ್ಥವಾಯಿತು. ಹಾಗಾಗಿ ಈ ಕಾದಂಬರಿಯನ್ನು ಅಮೆರಿಕದ ಅರವತ್ತರ ದಶಕದ ಹಿಪ್ಪಿ ಸಡಗರದ ಪುಸ್ತಕ ಎಂದು ಬದಿಗಿಡುವವರ ಮಾತನ್ನು ನಾನು ಒಪ್ಪಲಾರೆ.

ಒಂದು ಪೊಟ್ಟಣ ಚ್ಯೂಯಿಂಗ್ ಗಮ್

ಬ್ರಾಮ್ಡನ್‌ನ ಮಾತು ಮರಳುವ ರಾತ್ರಿ ಯಾವ ವೀರಾವೇಶವೂ ಇಲ್ಲದ ರಾತ್ರಿ. ಪಾಳಿಯ ಸಹಾಯಕನೊಬ್ಬ ಅವನ ಮಂಚದ ಕೆಳಗೆ ತೂರಿ, ಅಂಟಿಸಿಟ್ಟ ಹಳೆಯ ಗಮ್ ಉಂಡೆಗಳನ್ನು ಕೆರೆದು ಚೀಲಕ್ಕೆ ತುಂಬುತ್ತಿದ್ದಾನೆ. ಕೊಳ್ಳಲು ಕೈಯಲ್ಲಿ ಕಾಸಿಲ್ಲದ ಬ್ರಾಮ್ಡನ್ ಅವನ್ನೇ ಮತ್ತೆ ಮತ್ತೆ ಜಗಿಯುತ್ತಿದ್ದ ಎಂಬುದು ಆಗ ಹೊರಬೀಳುತ್ತದೆ. ಕಂಬಳಿಯೊಳಗೆ ಅವನು ನಾಚಿಕೆಯಿಂದ ಬಿಗಿಯಾಗಿ ಮಲಗಿದ್ದಾನೆ. ಸಹಾಯಕ ಹೋದ ಮೇಲೆ ಪಕ್ಕದ ಮಂಚದ ಮ್ಯಾಕ್‌ಮರ್ಫಿ, ರಾತ್ರಿ ಮಂಚಕ್ಕೆ ಅಂಟಿಸಿಟ್ಟ ಗಮ್ಮಿನ ರುಚಿ ಬೆಳಿಗ್ಗೆ ಉಳಿದಿರುತ್ತದೆಯೇ ಎಂಬ ಒಂದು ತಮಾಷೆಯ ಹಾಡನ್ನು ಗುನುಗುತ್ತಾನೆ. ಬ್ರಾಮ್ಡನ್‌ಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು. ಕತ್ತಲಲ್ಲಿ ಜ್ಯೂಸಿ ಫ್ರೂಟ್ ಗಮ್ಮಿನ ಒಂದು ಪೊಟ್ಟಣ ಹಾರಿ ಬಂದು ಅವನ ಮಂಚದ ಮೇಲೆ ಬೀಳುತ್ತದೆ. ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಅವನ ಬಾಯಿಂದ "ಥ್ಯಾಂಕ್ ಯೂ" ಹೊರಬಿದ್ದುಬಿಡುತ್ತದೆ. ವರ್ಷಗಳ ನಂತರದ ಮೊದಲ ಮಾತು.

ಮ್ಯಾಕ್‌ಮರ್ಫಿ ಅವನಿಗೆ ಭಾಷಣ ಮಾಡಲಿಲ್ಲ, ಎದ್ದು ಹೋರಾಡು ಎನ್ನಲಿಲ್ಲ. ಈ ಮನುಷ್ಯನಿಗೆ ಕೇಳಿಸುತ್ತದೆ ಎಂದು ನಂಬಿ ಮಾತಾಡಿದ, ಅಷ್ಟೇ. ಆ ರಾತ್ರಿ ಅವರಿಬ್ಬರೂ ಪಿಸುದನಿಯಲ್ಲಿ ಆಡುವ ಮಾತೆಲ್ಲ ಅಪ್ಪನ ಬಗ್ಗೆ, ಜಲಪಾತದ ಬಗ್ಗೆ, 'ಕಂಬೈನ್' ಎಂದು ಬ್ರಾಮ್ಡನ್ ಕರೆಯುವ, ಅಣೆಕಟ್ಟು ಕಚೇರಿ ಆಸ್ಪತ್ರೆಗಳನ್ನೆಲ್ಲ ಒಳಗೊಂಡ ಮಹಾಯಂತ್ರದ ಬಗ್ಗೆ. 1975ರಲ್ಲಿ ಮಿಲೋಶ್ ಫೋರ್ಮನ್ ಸಿನಿಮಾ ಮಾಡಿದಾಗ ಗಮ್ ಉಳಿಯಿತು, ಈ ರಾತ್ರಿಯ ಬಹುಪಾಲು ಹೋಯಿತು. ಅಣೆಕಟ್ಟು ಹೋಯಿತು, ಮಂಜಿನ ಯಂತ್ರ ಹೋಯಿತು, ಕಾರಿನಲ್ಲಿ ಬಂದವರು ಹೋದರು. ಐದು ಮುಖ್ಯ ಆಸ್ಕರ್‌ಗಳನ್ನು ಗೆದ್ದ ಸಿನಿಮಾ ಅದು. ನಟನೆಯಲ್ಲಿ ಅದಕ್ಕೆ ಸಾಟಿಯಾದವು ಕಡಿಮೆ. ವಿಲ್ ಸ್ಯಾಂಪ್ಸನ್ ಹೆಚ್ಚು ಮಾತಿಲ್ಲದೆಯೇ ಬ್ರಾಮ್ಡನ್‌ನನ್ನು ನಮ್ಮ ಮನಸ್ಸಿನಲ್ಲಿ ನಿಲ್ಲಿಸಿಬಿಡುತ್ತಾನೆ. ಆದರೂ ಕಥೆ ಹೇಳುವ ಹಕ್ಕನ್ನು ಬ್ರಾಮ್ಡನ್‌ನಿಂದ ಕಿತ್ತುಕೊಂಡದ್ದಕ್ಕೆ ಕೀಸಿ ನಿರ್ಮಾಪಕರೊಂದಿಗೆ ಜಗಳವಾಡಿದ್ದು ನನಗೆ ಪೂರ್ತಿ ಸರಿ ಎನ್ನಿಸುತ್ತದೆ. ಯಾರೂ ಕೇಳಿಸಿಕೊಳ್ಳದವನ ಕಥೆಯಿಂದ ಅವನ ದನಿಯನ್ನೇ ತೆಗೆದುಹಾಕುವುದು ಸಣ್ಣ ಬದಲಾವಣೆಯಲ್ಲ.

ದೊಡ್ಡಮ್ಮನ ವಾರ್ಡು

ಈ ಪುಸ್ತಕವನ್ನು ಇಷ್ಟು ಪ್ರೀತಿಸುವ ನನಗೆ ಅದರೊಂದಿಗೆ ಒಂದು ದೊಡ್ಡ ತಕರಾರೂ ಇದೆ. ಅದು ಶುರುವಾದದ್ದು ದೊಡ್ಡಮ್ಮನ ಕಾಯಿಲೆಯಲ್ಲಿ.

ದೊಡ್ಡಪ್ಪ ತೀರಿಕೊಂಡ ವರ್ಷ ದೊಡ್ಡಮ್ಮನಿಗೆ ಖಿನ್ನತೆ ವಿಪರೀತವಾಯಿತು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಅವಳು ಗೋಡೆಗೆ ಮುಖ ಮಾಡಿ ಮಲಗಿದರೆ ತಿರುಗುತ್ತಿರಲಿಲ್ಲ. ಗಂಜಿಯ ಚಮಚ ತುಟಿಗೆ ತಂದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಮಾತ್ರೆಗಳು ನಾಟಲಿಲ್ಲ. ವಿದ್ಯುತ್ ಚಿಕಿತ್ಸೆ ಕೊಡೋಣ ಎಂದರು ಡಾಕ್ಟರು. ದೊಡ್ಡಮ್ಮನ ಮಗ, ನನ್ನ ಅಣ್ಣ, ಕಾರಿಡಾರಿನ ಬೆಂಚಿನಲ್ಲಿ ತಲೆ ಹಿಡಿದುಕೊಂಡು ಕುಳಿತ. ಅವನ ಕಣ್ಣ ಮುಂದೆ ಇದ್ದದ್ದು ಆ ಸಿನಿಮಾ: ಮೇಜಿಗೆ ಕಟ್ಟಿದ ಮೈ, ಬಾಯಿಗೆ ತುರುಕಿದ ರಬ್ಬರು, ಸೆಟೆದು ಬಿಲ್ಲಿನಂತೆ ಬಾಗುವ ಬೆನ್ನು. "ಅಮ್ಮನಿಗೆ ಕರೆಂಟ್ ಕೊಡಿಸಿದೆ ಅಂತ ನಾಳೆ ನಾನು ಹೇಗೆ ಬದುಕಲಿ?" ಎಂದ. ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಬಂದು ಪಕ್ಕದಲ್ಲೇ ಕೂತು ಹೇಳಿದರು: "ಸರ್, ನಿದ್ದೆ ಬರಿಸಿಯೇ ಮಾಡುತ್ತಾರೆ, ಅಮ್ಮನಿಗೆ ನೋವು ಗೊತ್ತಾಗುವುದಿಲ್ಲ. ಮರೆವು ಸ್ವಲ್ಪ ಆಗಬಹುದು. ನಿಮಗೆ ಏನೇನು ಭಯ ಇದೆಯೋ ಎಲ್ಲ ಡಾಕ್ಟರ ಹತ್ತಿರ ಕೇಳಿ, ಆಮೇಲೆ ಹೇಳಿ. ಅವಸರ ಏನಿಲ್ಲ." ಅಣ್ಣ ಕೇಳಿದ. ಸಹಿ ಹಾಕಿದ. ಕೆಲವು ಸಲ ಕೊಟ್ಟ ಮೇಲೆ ಒಂದು ಬೆಳಿಗ್ಗೆ ದೊಡ್ಡಮ್ಮ ಎದ್ದು ಕೂತು, ಲೋಟ ಹಿಡಿದು ಒಂದು ಗುಟುಕು ಕುಡಿದು, "ಈ ಕಾಫಿಗೆ ಯಾರು ಇಷ್ಟು ಸಕ್ಕರೆ ಸುರಿದವರು?" ಎಂದಳು. ಅಣ್ಣ ಹೊರಗೆ ಹೋಗಿ ಗೋಡೆಗೆ ಒರಗಿ ಅತ್ತ. ಆ ತಿಂಗಳಿನ ಬಹಳಷ್ಟು ಸಂಗತಿ ಅವಳಿಗೆ ನೆನಪಿಲ್ಲ, ಮೊಮ್ಮಗಳ ನಾಮಕರಣ ಕೂಡ. ಆದರೆ ಅವಳು ಮರಳಿ ಬಂದಳು.

1938ರಲ್ಲಿ ರೋಮಿನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬ ವೈದ್ಯರು ಮೊದಲು ಬಳಸಿದ ಈ ಚಿಕಿತ್ಸೆಯನ್ನು ಆರಂಭದ ದಶಕಗಳಲ್ಲಿ ಎಚ್ಚರವಿರುವವರ ಮೇಲೇ ಪ್ರಯೋಗಿಸುತ್ತಿದ್ದರು, ಎಲುಬು ಮುರಿದವರಿದ್ದರು, ಶಿಕ್ಷೆಯಾಗಿ ಬಳಸಿದ ವಾರ್ಡುಗಳೂ ಇದ್ದವು. ಕೀಸಿ ಬರೆದದ್ದು ಅದನ್ನು, ಅದು ಸುಳ್ಳಲ್ಲ. ಮಿದುಳಿನ ಎಳೆ ಕತ್ತರಿಸುವ ಲೊಬಾಟಮಿಗೆ 1949ರಲ್ಲಿ ನೊಬೆಲ್ ಬಂದಿತ್ತು ಎಂಬುದನ್ನು ನೆನೆದರೆ ಅವನ ಸಿಟ್ಟು ಎಷ್ಟು ನ್ಯಾಯದ್ದು ಎಂದು ತಿಳಿಯುತ್ತದೆ. ಆದರೆ ಈಗ ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧ ಎರಡೂ ಇಲ್ಲದೆ ಈ ಚಿಕಿತ್ಸೆ ಕೊಡುವುದನ್ನು ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಕಾದಂಬರಿಯೂ ಅದಕ್ಕಿಂತ ಹೆಚ್ಚಾಗಿ ಸಿನಿಮಾವೂ ಆ ಹಳೆಯ ಚಿತ್ರವನ್ನು ಜನರ ಮನಸ್ಸಿನಲ್ಲಿ ಕೊರೆದುಬಿಟ್ಟವು. ಆ ಭಯ ಎಷ್ಟು ಮನೆಗಳಲ್ಲಿ ಗೋಡೆಗೆ ಮುಖ ಮಾಡಿದವರನ್ನು ಹಾಗೆಯೇ ಉಳಿಸಿದೆಯೋ ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಆದರೂ ನನ್ನ ತಕರಾರು ಪುಸ್ತಕವನ್ನು ಸೋಲಿಸಲಿಲ್ಲ. ಚೇತರಿಸಿಕೊಂಡು ಮನೆಗೆ ಬಂದ ಮೇಲೆ, ಒಂದು ಸಂಜೆ ಹೂವು ಕಟ್ಟುತ್ತ ದೊಡ್ಡಮ್ಮ ಸಹಜವಾಗಿ ಹೇಳಿದಳು: "ಒಳ್ಳೆಯದೇ ಆಯಿತು ಬಿಡು. ಆದರೆ ನನ್ನನ್ನು ಒಂದು ಮಾತು ಕೇಳಬಹುದಿತ್ತು. ನನಗೆ ಎಲ್ಲ ಕೇಳಿಸುತ್ತಿತ್ತು." ಹಾಸಿಗೆಯ ಪಕ್ಕದಲ್ಲೇ ನಿಂತು ಡಾಕ್ಟರು, ಅಣ್ಣ, ನಾನು, ಅತ್ತಿಗೆ ಎಲ್ಲರೂ ಅವಳ ಬಗ್ಗೆ ಮಾತಾಡಿದ್ದೆವು. ಆ ಕೋಣೆಯಲ್ಲಿ ಕ್ರೂರಿಗಳು ಯಾರೂ ಇರಲಿಲ್ಲ. ಎಲ್ಲರೂ ಅವಳನ್ನು ಉಳಿಸಿಕೊಳ್ಳಲು ಒದ್ದಾಡುತ್ತಿದ್ದವರು. ನಮ್ಮಲ್ಲಿ ರೋಗಿಯ ಜೊತೆ ಮನೆಯವರು ಇದ್ದೇ ಇರುತ್ತಾರೆ, ಕೀಸಿಯ ವಾರ್ಡಿನಂತೆ ಅನಾಥವಾಗಿ ಬಿಡುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದು ನಿಜವಾದ ಬಲ. ಆದರೆ ಆ ಬಲವೇ ಅವಳ ಪರವಾಗಿ ಎಲ್ಲ ಮಾತನ್ನೂ ಆಡಿ ಮುಗಿಸಿಬಿಡುತ್ತದೆ. ಅದೇ 2017ರ ಕಾಯ್ದೆ, ಮನೋರೋಗವಿದ್ದವರಿಗೂ ತಮ್ಮ ಚಿಕಿತ್ಸೆಯ ಬಗ್ಗೆ ತೀರ್ಮಾನಿಸುವ ಸಾಮರ್ಥ್ಯವಿದೆ ಎಂದು ಮೊದಲಿಗೆ ಭಾವಿಸಬೇಕು ಎನ್ನುತ್ತದೆ. ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಮುಂಚಿತವಾಗಿ ಬರೆದಿಡುವ, ತನ್ನ ಪರವಾಗಿ ಮಾತಾಡುವವರನ್ನು ತಾನೇ ಆರಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ದೊಡ್ಡಮ್ಮ ಈಗ ಅಣ್ಣನಿಂದ ಆ ಕಾಗದ ಬರೆಯಿಸಿ ಸಹಿ ಮಾಡಿಟ್ಟಿದ್ದಾಳೆ. ಮತ್ತೆ ಹಾಗಾದರೆ ಕರೆಂಟ್ ಕೊಡಬಹುದು ಎಂಬುದನ್ನೂ ಅವಳೇ ಬರೆಸಿದ್ದಾಳೆ.

ಕೀಸಿಗೂ ಕೇಳಿಸದವರು

ಕೇಳಿಸಿಕೊಳ್ಳದವರ ಬಗ್ಗೆ ಇಷ್ಟು ಚೆನ್ನಾಗಿ ಬರೆದವನಿಗೂ ಕೆಲವರ ದನಿ ಕೇಳಿಸಲಿಲ್ಲ. ವಾರ್ಡಿನ ಕಪ್ಪು ಸಹಾಯಕರನ್ನೇ ನೋಡಿ. ಪುಸ್ತಕದುದ್ದಕ್ಕೂ ಅವರು ದ್ವೇಷದ ಯಂತ್ರಗಳು. ಅವರನ್ನು ಕರೆಯುವ ಮಾತುಗಳಂತೂ ಇಂದು ಓದುವಾಗ ಮೈ ಮುದುಡುವಂತಿವೆ. ಅವರಲ್ಲೊಬ್ಬನ ತಂದೆಯನ್ನು ಕಟ್ಟಿಹಾಕಿ ತಾಯಿಯ ಮೇಲೆ ಅತ್ಯಾಚಾರ ಮಾಡಿದ್ದನ್ನು ಬ್ರಾಮ್ಡನ್ ಒಂದೆರಡು ಸಾಲಿನಲ್ಲಿ ಹೇಳುತ್ತಾನೆ. ಅಲ್ಲಿ ಒಂದು ಬಾಗಿಲು ತೆರೆಯಿತು ಎಂದುಕೊಳ್ಳುತ್ತೇವೆ. ಊರು ಮುಳುಗಿಸಿಕೊಂಡವನಿಗೆ ಮನೆ ಹಾಳಾದವನ ನೋವು ಕಾಣಬೇಕಿತ್ತು. ಆದರೆ ಆ ಬಾಗಿಲು ಅಲ್ಲಿಗೇ ಮುಚ್ಚಿಹೋಗುತ್ತದೆ. ಆ ದ್ವೇಷಕ್ಕಾಗಿಯೇ ರ‍್ಯಾಚೆಡ್ ಅವರನ್ನು ಆರಿಸಿಕೊಂಡಳು ಎಂದಷ್ಟೇ ಹೇಳಿ ಕಥೆ ಮುಂದೆ ಹೋಗುತ್ತದೆ.

ಹೆಂಗಸರ ಮಟ್ಟಿಗೆ ಇನ್ನೂ ಕಷ್ಟ. ಒಳ್ಳೆಯ ಹೆಂಗಸರೆಂದರೆ ಮ್ಯಾಕ್‌ಮರ್ಫಿ ಕರೆತರುವ ವೇಶ್ಯೆಯರು. ಉಳಿದ ತಾಯಂದಿರು, ಹೆಂಡಂದಿರು ಎಲ್ಲ ಗಂಡಸರನ್ನು ಕುಗ್ಗಿಸುವವರು. ಗಲಾಟೆಯ ರೋಗಿಗಳ ವಾರ್ಡಿನಲ್ಲಿ ಜಪಾನೀ ಮೂಲದ ಒಬ್ಬ ಮೃದು ಮನಸ್ಸಿನ ನರ್ಸ್ ಇದ್ದಾಳೆ. ಅವಳ ಬಾಯಿಂದಲೂ, ಮದುವೆಯಾಗದ ನರ್ಸುಗಳನ್ನು ಮೂವತ್ತೈದಕ್ಕೆ ಕೆಲಸದಿಂದ ತೆಗೆಯಬೇಕು ಎಂದು ಹೇಳಿಸುತ್ತಾನೆ ಕೀಸಿ. ಕೊನೆಗೆ ರ‍್ಯಾಚೆಡ್‌ಳನ್ನು ಸೋಲಿಸುವ ಬಗೆ ಅವಳ ಉಡುಪನ್ನು ಹರಿಯುವುದು. ಬಿಲ್ಲಿಯನ್ನು ಸಾವಿಗೆ ತಳ್ಳಿದ ಅವಳ ಮೇಲೆ ನನಗೂ ಸಿಟ್ಟಿದೆ. ಆದರೆ ಅಧಿಕಾರವನ್ನು ಎದುರಿಸುವುದು, ಹೆಣ್ಣೊಬ್ಬಳ ಮೈಯನ್ನು ಬಯಲಿಗೆಳೆದು ಅವಮಾನಿಸುವುದು ಒಂದೇ ಅಲ್ಲ. ಕೀಸಿ ಇವೆರಡನ್ನೂ ಒಂದು ಮಾಡಿದ ಜಾಗದಲ್ಲಿ ಪುಸ್ತಕ ತನ್ನ ಸತ್ಯವನ್ನೇ ಕಳೆದುಕೊಳ್ಳುತ್ತದೆ. ಬೆಂಚಿನ ಮೇಲೆ ಅಣ್ಣನ ಪಕ್ಕ ಕೂತ ಆ ಸಿಸ್ಟರ್ ಈ ಪುಸ್ತಕ ಓದಿದರೆ ಏನನ್ನಿಸುತ್ತದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಹೊರಟವರು

ಕೊನೆಯ ಭಾಗದಲ್ಲಿ ಎಲ್ಲರ ಗಮನ ಮ್ಯಾಕ್‌ಮರ್ಫಿಯ ಖಾಲಿ ಕಣ್ಣುಗಳ ಮೇಲೆ, ಆ ಬದುಕಿನಿಂದ ಅವನನ್ನು ಬಿಡಿಸಲು ಬ್ರಾಮ್ಡನ್ ಅವನ ಮುಖಕ್ಕೆ ಒತ್ತುವ ತಲೆದಿಂಬಿನ ಮೇಲೆ, ಕಿಟಕಿ ಸೀಳಿ ಹಾರುವ ಕಂಟ್ರೋಲ್ ಪ್ಯಾನೆಲ್ಲಿನ ಮೇಲೆ ಇರುತ್ತದೆ. ಅದಕ್ಕೆ ಮೊದಲೇ ನಡೆದುಹೋದ ಒಂದು ಸಂಗತಿಯನ್ನು ಕೀಸಿ ಗದ್ದಲವಿಲ್ಲದೆ ದಾಖಲಿಸಿದ್ದಾನೆ. ಮ್ಯಾಕ್‌ಮರ್ಫಿ ಕತ್ತು ಹಿಸುಕಿದಾಗ ಗಂಟಲಿಗೆ ಪೆಟ್ಟಾಗಿ ಮಾತಾಡಲಾಗದೆ ರ‍್ಯಾಚೆಡ್ ಈಗ ಕಾಗದದ ಮೇಲೆ ಬರೆದು ತೋರಿಸಬೇಕಾಗಿದೆ. ಸೆಫೆಲ್ಟ್ ಮತ್ತು ಫ್ರೆಡ್ರಿಕ್ಸನ್ ವೈದ್ಯರ ಸಲಹೆಯನ್ನು ಮೀರಿ ಸಹಿ ಹಾಕಿ ಒಟ್ಟಿಗೆ ಹೊರಟರು. ಮತ್ತೆ ಕೆಲವರು ಹೊರಟರು. ಹಾರ್ಡಿಂಗ್ ತನ್ನ ಹೆಂಡತಿಗೆ ಹೇಳಿ ಕಾರು ತರಿಸಿಕೊಂಡು ಹೋದ. ಬಾಗಿಲು ಮೊದಲೂ ತೆರೆದೇ ಇತ್ತಲ್ಲ. ಕಂಟ್ರೋಲ್ ಪ್ಯಾನೆಲ್ ಎತ್ತಿ ಎಸೆಯಬೇಕಾಗಿದ್ದದ್ದು ಬ್ರಾಮ್ಡನ್‌ಗೆ ಮಾತ್ರ.

ಕಿಟಕಿಯಿಂದ ಹೊರಬಿದ್ದ ಬ್ರಾಮ್ಡನ್ ಕೆನಡಾದ ಕಡೆಗೆ ಹೋಗಬೇಕೆಂದುಕೊಳ್ಳುತ್ತಾನೆ. ಅದಕ್ಕೆ ಮೊದಲು ಕೊಲಂಬಿಯಾ ನದಿಯ ದಂಡೆಗೆ ಹೋಗಿ ತನ್ನ ಊರಿನವರಲ್ಲಿ ಕುಡಿತಕ್ಕೆ ಬೀಳದವರು ಯಾರಾದರೂ ಉಳಿದಿದ್ದಾರೆಯೇ ನೋಡಬೇಕು. ಅವನ ಕಿವಿಗೆ ಒಂದು ಸುದ್ದಿ ಬಿದ್ದಿದೆ. ಕೋಟಿಗಟ್ಟಲೆ ಸುರಿದು ಕಟ್ಟಿದ ಆ ಹೊಸ ಅಣೆಕಟ್ಟಿನ ಮೇಲೆಯೇ ಅವನ ಜನ ಹಳೆಯ ರೀತಿಯ ಮರದ ಅಟ್ಟಣೆಗಳನ್ನು ಕಟ್ಟಿ, ಕೋಡಿಯಲ್ಲಿ ಈಟಿ ಹಿಡಿದು ಸಾಲ್ಮನ್ ಹೊಡೆಯುತ್ತಿದ್ದಾರಂತೆ. ಅದನ್ನು ಕಣ್ಣಾರೆ ನೋಡಲು ಏನು ಬೇಕಾದರೂ ಕೊಟ್ಟೇನು ಎನ್ನುತ್ತಾನೆ. ಅಣೆಕಟ್ಟು ಅವರ ನೀರನ್ನು ಕಿತ್ತುಕೊಂಡಿತು, ಮೀನು ಹಿಡಿಯುವ ಹಕ್ಕನ್ನಲ್ಲ. 1855ರ ಒಪ್ಪಂದಗಳಲ್ಲಿ ಯಾಕಮಾ, ಯುಮಟಿಲಾ, ವಾರ್ಮ್ ಸ್ಪ್ರಿಂಗ್ಸ್, ನೆಜ್ ಪರ್ಸ್ ಬುಡಕಟ್ಟುಗಳು ಅದನ್ನು ತಮ್ಮಲ್ಲೇ ಉಳಿಸಿಕೊಂಡಿದ್ದವು. ಆ ಒಪ್ಪಂದಗಳ ಬಲದಿಂದ ಅವರು ಇಂದಿಗೂ ಕೊಲಂಬಿಯಾದ ದಂಡೆಯಲ್ಲಿ ಅಟ್ಟಣೆ ಕಟ್ಟಿ, ಬಲೆ ಇಳಿಬಿಟ್ಟು ಸಾಲ್ಮನ್ ಹಿಡಿಯುತ್ತಾರೆ.